ಮಂಗನ ಕಾಯಿಲೆಗೆ ಎಷ್ಟು ಹೆಸರು

ಕೆಎಫ್‌ಡಿ ಅಂತ ಮೂರಕ್ಷರ ಟೈಪ್ ಮಾಡಿ ಎಂಟರ್ ಒತ್ತಿದೆ. ಪಬ್‌ಮೆಡ್‌ನಲ್ಲಿ ನಾನು ಮಾಡಿದ ಮೊದಲ ಸರ್ಚ್ ಅದು, ವೈದ್ಯಕೀಯ ಸಂಶೋಧನಾ ಲೇಖನಗಳನ್ನ ಹುಡುಕೋ ಡೇಟಾಬೇಸ್ ಅದು. ಬಂದ ಲಿಸ್ಟ್ ನೋಡಿದ್ರೆ ಕುತ್ತಿಗೆಯಲ್ಲಿ ಗಂಟು ಎದ್ದ ಹೆಂಗಸರು, ಲಿಂಫ್ ನೋಡ್ ಬಯಾಪ್ಸಿ, ಜಪಾನಿನ ಡಾಕ್ಟರುಗಳು. ಮಂಗ ಎಲ್ಲೋ ಒಂದೊಂದು ಕಡೆ ಮಾತ್ರ. ಒಂದೊಂದೇ ಶೀರ್ಷಿಕೆ ಓದ್ತಾ ಹೋದ ಮೇಲೆ ಗೊತ್ತಾಯ್ತು, ಕಿಕುಚಿ ಫುಜಿಮೊಟೊ ಡಿಸೀಸ್ ಅಂತ ಬೇರೆಯದೇ ಒಂದು ಕಾಯಿಲೆ ಇದೆ, 1972ರಲ್ಲಿ ಜಪಾನಿನಲ್ಲಿ ಗುರುತಿಸಿದ್ದು, ಅದನ್ನೂ ಕೆಎಫ್‌ಡಿ ಅಂತಲೇ ಬರೀತಾರೆ. ನಮ್ಮ ಕಡೆ ಪಿಎಚ್‌ಸಿ ಗೋಡೆ ಮೇಲೆ, ಆಶಾ ಕಾರ್ಯಕರ್ತೆಯರ ಬಾಯಲ್ಲಿ, ಪೇಪರಿನ ಹೆಡ್ಡಿಂಗಲ್ಲಿ ಕೆಎಫ್‌ಡಿ ಅಂದ್ರೆ ಒಂದೇ ಅರ್ಥ. ಕ್ಯಾಸನೂರು ಕಾಡಿನ ಕಾಯಿಲೆ, ಮಂಗನ ಕಾಯಿಲೆ. ಸಾಗರದಲ್ಲಿ ಯಾವ ಚಿಕ್ಕ ಹುಡುಗನ್ನ ಕೇಳಿದ್ರೂ ಹೇಳ್ತಾನೆ. ಆದ್ರೆ ಡೇಟಾಬೇಸಿಗೆ ಸಾಗರ ಗೊತ್ತಿಲ್ಲ, ಅದಕ್ಕೆ ಗೊತ್ತಿರೋದು ಅಕ್ಷರ ಮಾತ್ರ.

ನಾನು ನರ್ಸಿಂಗ್ ಕಾಲೇಜಲ್ಲಿ ಕಮ್ಯುನಿಟಿ ಹೆಲ್ತ್ ಪಾಠ ಮಾಡೋಳು. 2018ರ ಕೊನೇಲಿ ಅರಳಗೋಡಿನ ಸುತ್ತಮುತ್ತ ಮಂಗ ಸಾಯೋಕೆ ಶುರುವಾಗಿ, ಆಮೇಲೆ ಜನಕ್ಕೂ ಜ್ವರ ಹತ್ತಿ, ಆ ಬೇಸಿಗೆ ಪೂರ್ತಿ ನಮ್ಮ ತಾಲೂಕಿನ ಕಡೆ ಅದೇ ಮಾತು, ಅದೇ ಭಯ. ನಮ್ಮ ಕೇರಿಯ ಅಕ್ಕ ಒಬ್ಬರು, ಕೊಟ್ಟಿಗೆಗೆ ದರಗು ಗುಡಿಸಿ ತರೋಕೆ ಕಾಡಿಗೆ ಹೋಗ್ತಿದ್ದೋರು, ಜ್ವರ ಬಂದು ಆಸ್ಪತ್ರೆ ಸೇರಿ, ಬದುಕಿ ಬಂದ್ರು, ಆದ್ರೆ ಎರಡು ತಿಂಗಳು ಕೈ ನಡುಗ್ತಾನೇ ಇತ್ತು, ಕಾಫಿ ಲೋಟ ಹಿಡ್ಕೊಳ್ಳೋಕೂ ಆಗ್ತಿರ್ಲಿಲ್ಲ. ನೋಡೋಕೆ ಹೋದಾಗ ಅವರು ನನ್ನ ಕೇಳಿದ್ದು ಒಂದೇ ಪ್ರಶ್ನೆ. "ಎರಡು ಸಲ ಇಂಜೆಕ್ಷನ್ ತಗಂಡಿದ್ನಲ್ಲೇ, ಮತ್ಯಾಕೆ ಬಂತು? ನೀನು ಓದ್ದೋಳು, ಹೇಳು ಮಾರಾಯ್ತಿ."

ನಂಗೆ ಉತ್ತರ ಗೊತ್ತಿರ್ಲಿಲ್ಲ. ಅದೇ ವರ್ಷ ಪಿಎಚ್‌ಡಿಗೆ ಸೇರಿದ್ದೆ, ವಿಷಯವೂ ಇದೇ, ಕಾಡಂಚಿನ ಜನ ಈ ಕಾಯಿಲೆಯಿಂದ ತಮ್ಮನ್ನ ಹೇಗೆ ಕಾಪಾಡ್ಕೊಳ್ತಾರೆ ಅಂತ. ಗೈಡ್ ಹೇಳಿದ್ದು ಒಂದೇ ವಾಕ್ಯ, "ಮೊದಲು ಲಿಟರೇಚರ್ ರಿವ್ಯೂ ಮಾಡ್ಕೊಂಡು ಬನ್ನಿ." ಲಿಟರೇಚರ್, ಅಂದ್ರೆ ಈ ವಿಷಯದ ಮೇಲೆ ಈಗಾಗಲೇ ಬಂದಿರೋ ಸಂಶೋಧನಾ ಲೇಖನಗಳು, ಎಲ್ಲಿರತ್ತೆ, ಹೇಗೆ ಹುಡುಕ್ಬೇಕು ಅಂತ ಯಾರೂ ಹೇಳಿಕೊಟ್ಟಿರ್ಲಿಲ್ಲ, ನಾನೂ ಕೇಳೋಕೆ ಹೋಗ್ಲಿಲ್ಲ, ಯಾಕಂದ್ರೆ ಹುಡುಕೋದು ಅನ್ನೋದು ಕಲೀಬೇಕಾದ ಕೆಲಸ ಅಂತ ನಂಗೆ ಅನಿಸಿರ್ಲೇ ಇಲ್ಲ. ದಿನಾ ಮೊಬೈಲಲ್ಲಿ ಹುಡುಕ್ತೀವಲ್ಲ, ಬಸ್ ಟೈಮು, ಔಷಧಿ ಹೆಸರು, ಅದೇ ಥರ ಅಂದ್ಕೊಂಡಿದ್ದೆ. ಅದೇ ಥರ ಅಲ್ಲ. ಮೊಬೈಲಲ್ಲಿ ಹುಡುಕಿದಾಗ ನಾವು ತಪ್ಪು ಬರೆದ್ರೂ ಅದು ಊಹಿಸಿ ಏನೋ ಒಂದು ಕೊಡತ್ತೆ, ಒಂದು ಒಳ್ಳೆ ಉತ್ತರ ಸಿಕ್ಕಿದ್ರೆ ನಮ್ಮ ಕೆಲಸ ಆಯ್ತು. ಸಂಶೋಧನೆಯಲ್ಲಿ ಒಂದು ಸಿಕ್ಕಿದ್ರೆ ಸಾಲಲ್ಲ, ಸಿಗದೇ ಉಳಿದದ್ದು ಎಷ್ಟು ಅನ್ನೋದೇ ಅಲ್ಲಿನ ಪ್ರಶ್ನೆ.

ಎರಡನೇ ಸಲ ಮಂಕಿ ಫೀವರ್ ಅಂತ ಹಾಕ್ದೆ, ಪೇಪರಲ್ಲಿ ಹಾಗೇ ಬರೀತಾರಲ್ಲ ಅಂತ. ಬಂದಿದ್ದೆಲ್ಲ ಹಳದಿ ಜ್ವರದ ಲಸಿಕೆಯನ್ನ ಮಂಗಗಳ ಮೇಲೆ ಪ್ರಯೋಗ ಮಾಡಿದ್ದು, ಆಫ್ರಿಕಾದ ಜ್ವರಗಳು, ಅಂಥವೇ ಜಾಸ್ತಿ. ಎರಡು ಪದದ ಮಧ್ಯೆ ಏನೂ ಹಾಕದಿದ್ರೆ ಡೇಟಾಬೇಸ್ ತಾನೇ ಅಲ್ಲೊಂದು ಆ್ಯಂಡ್ ಇದೆ ಅಂತ ತಿಳ್ಕೊಳತ್ತೆ, ಅಂದ್ರೆ ಒಂದು ಲೇಖನದಲ್ಲಿ ಎಲ್ಲೋ ಒಂದು ಕಡೆ ಮಂಕಿ ಇದ್ದು ಇನ್ನೆಲ್ಲೋ ಫೀವರ್ ಇದ್ರೂ ಅದಕ್ಕೆ ಸಾಕು. ಎರಡೂ ಪದದ ಸುತ್ತ ಕೋಟ್ಸ್ ಹಾಕಿದ್ರೆ ಮಾತ್ರ ಅಕ್ಕಪಕ್ಕ ಇರೋದನ್ನ ಹುಡುಕತ್ತೆ. ಇಷ್ಟು ಚಿಕ್ಕ ವಿಷಯ ಗೊತ್ತಿಲ್ಲದೆ ನಾನು ಎರಡು ವಾರ ಕಳೆದಿದ್ದೀನಿ.

ನಾನು ಪಿಎಚ್‌ಡಿಗೆ ಸೇರಿದ ಕಡೆ ಲೈಬ್ರರಿಯಲ್ಲಿ ಒಬ್ಬರು ಸರ್ ಇದ್ರು, ರಿಟೈರ್ ಆಗೋಕೆ ಎರಡು ವರ್ಷ ಇತ್ತು. ನಾನು ಮೂರು ದಿನದಿಂದ ಒಂದೇ ಕಂಪ್ಯೂಟರ್ ಮುಂದೆ ಮುಖ ಬಾಡಿಸ್ಕೊಂಡು ಕೂತಿದ್ದು ನೋಡಿ ಅವರೇ ಬಂದು "ಏನಮ್ಮ ಹುಡುಕ್ತಿದೀಯ" ಅಂದ್ರು. ಹೇಳ್ದೆ. ಒಳಗೆ ಹೋಗಿ ಹಳೇ ಕ್ಯಾಟಲಾಗ್ ಕಾರ್ಡುಗಳ ಒಂದು ಕಟ್ಟು ತಂದ್ರು, ಕೆಳಗೆ ಮಧ್ಯದಲ್ಲಿ ಸರಳು ತೂರಿಸೋಕೆ ತೂತು ಇರತ್ತಲ್ಲ ಆ ಕಾರ್ಡು, ಒಂದು ಕಡೆ ಟೈಪ್ ಮಾಡಿದ ಪುಸ್ತಕದ ಹೆಸರು, ಹಿಂದೆ ಖಾಲಿ. ಖಾಲಿ ಕಡೆ ತಿರುಗಿಸಿ ನನ್ನ ಮುಂದೆ ಒಂದು ಕಾರ್ಡ್ ಇಟ್ರು. "ಕಂಪ್ಯೂಟರ್ ಆಫ್ ಮಾಡು. ಈ ಕಾಯಿಲೆಗೆ ನಿಮ್ಮೂರಲ್ಲಿ ಏನಂತಾರೆ, ಬರಿ. ಡಾಕ್ಟ್ರು ಏನಂತಾರೆ, ಬರಿ. ವೈರಸ್ ಓದೋರು ಏನಂತಾರೆ. ಅರವತ್ತು ವರ್ಷದ ಹಿಂದೆ ಏನಂತಿದ್ರು."

ಮೊದಲೆರಡು ಸುಲಭ. ಮೂರನೇದಕ್ಕೆ ಕೆಎಫ್‌ಡಿವಿ, ಫ್ಲಾವಿವೈರಸ್ ಅಂತ ಬರ್ದೆ. ನಾಲ್ಕನೇದು ನಂಗೆ ಗೊತ್ತೇ ಇರ್ಲಿಲ್ಲ. ಅವರಿಗೂ ಗೊತ್ತಿರ್ಲಿಲ್ಲ, ಆದ್ರೆ ಗೊತ್ತಿಲ್ಲ ಅಂತ ಗೊತ್ತಿತ್ತು, ಅದಕ್ಕೇ ಆ ಪ್ರಶ್ನೆ ಕೇಳಿದ್ದು. ಆಮೇಲೆ ಓದ್ತಾ ತಿಳೀತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತಾಗ ಪುಣೆಯ ವೈರಸ್ ರಿಸರ್ಚ್ ಸೆಂಟರಿನೋರು, ರಾಕ್‌ಫೆಲ್ಲರ್ ಫೌಂಡೇಶನ್ನಿನ ಟೆಲ್‌ಫೋರ್ಡ್ ವರ್ಕ್ ಮತ್ತೆ ಜೊತೆಗಾರರು ಬಂದು ವೈರಸ್ ಬೇರ್ಪಡಿಸಿದ್ರು. ಮಂಗ ಸತ್ತದ್ದಕ್ಕೆ ಮೊದಲು ಹಳದಿ ಜ್ವರ ಭಾರತಕ್ಕೆ ಬಂತೇನೋ ಅನ್ನೋ ಅನುಮಾನ. ನೋಡಿದ್ರೆ ವೈರಸ್ ರಷ್ಯಾದ ಕಡೆಯ ಉಣುಗಿನ (ರಕ್ತ ಹೀರೋ ಉಣ್ಣೆ, ಇಂಗ್ಲಿಷಿನ ಟಿಕ್) ಜ್ವರದ ಗುಂಪಿಗೆ ಸೇರಿದ್ದು. ಹಾಗಾಗಿ 1958ರ ಅವರ ಒಂದು ಬರಹದ ಶೀರ್ಷಿಕೆ ಶುರುವಾಗೋದೇ ರಷ್ಯನ್ ಸ್ಪ್ರಿಂಗ್ ಸಮ್ಮರ್ ವೈರಸ್ ಇನ್ ಇಂಡಿಯಾ ಅಂತ. ನಮ್ಮ ಸೊರಬದ ಕಾಯಿಲೆಗೆ ಒಂದು ಕಾಲಕ್ಕೆ ರಷ್ಯಾದ ವಸಂತದ ಹೆಸರಿತ್ತು ಅಂತ ನಾನು ಕನಸಲ್ಲೂ ಎಣಿಸಿರ್ಲಿಲ್ಲ.

ಈಚೆಗೂ ಹೆಸರು ಬದಲಾಗ್ತಾನೇ ಇದೆ. 2023ರಲ್ಲಿ ವೈರಸ್ಸುಗಳಿಗೆ ಹೆಸರಿಡೋ ಅಂತರರಾಷ್ಟ್ರೀಯ ಸಮಿತಿ ಫ್ಲಾವಿವೈರಸ್ ಅನ್ನೋ ಕುಲವನ್ನ ಆರ್ಥೋಫ್ಲಾವಿವೈರಸ್ ಮಾಡ್ತು. ಮುಸಿಯ, ಅಂದ್ರೆ ಕಪ್ಪು ಮುಖದ ಲಂಗೂರ್ ಮಂಗ, ಅದರ ಶಾಸ್ತ್ರೀಯ ಹೆಸರು ಹಳೇ ಲೇಖನಗಳಲ್ಲಿ ಪ್ರೆಸ್ಬೈಟಿಸ್ ಎಂಟೆಲಸ್, ಆಮೇಲಿನವುಗಳಲ್ಲಿ ಸೆಮ್ನೊಪಿಥೆಕಸ್. ಊರಿನ ಹೆಸರಂತೂ ಕೇಳೋದೇ ಬೇಡ. 2014ರ ನವೆಂಬರ್ 1ಕ್ಕೆ ಶಿಮೊಗ ಹೋಗಿ ಶಿವಮೊಗ್ಗ ಆಯ್ತು, ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಅದು ಬೇರೆಯದೇ ಪದ. ಅದಕ್ಕೂ ಹಿಂದೆ, 1973ರ ನವೆಂಬರಿಗೆ ಮುಂಚೆ, ಕರ್ನಾಟಕ ಅನ್ನೋ ಪದವೇ ಸಿಗಲ್ಲ, ಮೈಸೂರ್ ಸ್ಟೇಟ್ ಅಂತಿರತ್ತೆ. ದಕ್ಷಿಣ ಕನ್ನಡ ಹುಡುಕಬೇಕಾದ್ರೆ ಸೌತ್ ಕೆನರಾ ಅಂತಲೂ ಹಾಕಬೇಕು. ಕರ್ನಾಟಕ ಅಂತ ಮಾತ್ರ ಹಾಕಿದ್ರೆ ಕಾಯಿಲೆಯ ಮೊದಲ ಹದಿನಾರು ವರ್ಷ ಹೆಚ್ಚುಕಡಿಮೆ ಕೈಬಿಟ್ಟ ಹಾಗೇ.

ಅಡಿಕೆ ಮಂಡಿಗೆ ಹೋಗಿ "ಅಡಿಕೆಗೆ ಎಷ್ಟು" ಅಂದ್ರೆ ಯಾರೂ ಉತ್ತರ ಕೊಡಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು, ಯಾವುದು ಅಂತ ಹೇಳಿದ್ರೆ ತಾನೇ ರೇಟು. ಆ ಸರ್‌ಗೆ ನಾನು ಇದೇ ಮಾತು ಹೇಳಿದೆ, ಅವರಿಗೆ ಬಹಳ ಖುಷಿ ಆಯ್ತು, "ಸರಿಯಾಗಿ ಹಿಡ್ದೆ" ಅಂದ್ರು.

ಆಮೇಲೆ ಎರಡನೇ ಕಾರ್ಡು. ಅದರ ಮೇಲೆ ಲಸಿಕೆ ಅಂತ ಬರೆದು ಕೆಳಗೆ ಅದಕ್ಕಿರೋ ಹೆಸರುಗಳು, ವ್ಯಾಕ್ಸೀನ್, ವ್ಯಾಕ್ಸಿನೇಶನ್, ಇಮ್ಯುನೈಸೇಶನ್, ಇನಾಕ್ಯುಲೇಶನ್. ಮೂರನೇ ಕಾರ್ಡು ಜಾಗಗಳದ್ದು. ಕಾರ್ಡನ್ನ ಮೇಜಿನ ಮೇಲೆ ಸಾಲಾಗಿ ಇಟ್ಟು ತೋರ್ಸಿದ್ರು. ಒಂದೇ ಕಾರ್ಡಿನೊಳಗಿನ ಹೆಸರುಗಳ ಮಧ್ಯೆ ಆರ್, ಅಂದ್ರೆ ಇವುಗಳಲ್ಲಿ ಯಾವುದಿದ್ರೂ ಸರಿ. ಕಾರ್ಡಿಗೂ ಕಾರ್ಡಿಗೂ ಮಧ್ಯೆ ಆ್ಯಂಡ್. ಒಂದೊಂದು ಕಾರ್ಡಿನ ಸುತ್ತ ಬ್ರ್ಯಾಕೆಟ್. ಅಷ್ಟೇ. ಆರ್ ಹಾಕಿದಷ್ಟೂ ಲಿಸ್ಟ್ ಹಿಗ್ಗತ್ತೆ, ಆ್ಯಂಡ್ ಹಾಕಿದಷ್ಟೂ ಕುಗ್ಗತ್ತೆ. ಪಬ್‌ಮೆಡ್‌ನಲ್ಲಿ ಈ ಪದಗಳನ್ನ ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಬರೀಬೇಕು. ಬ್ರ್ಯಾಕೆಟ್ ಹಾಕೋದು ಮರೆತು ಒಂದು ಸಲ ಕ್ಯಾಸನೂರ್ ಆ್ಯಂಡ್ ವ್ಯಾಕ್ಸೀನ್ ಆರ್ ಇಮ್ಯುನೈಸೇಶನ್ ಅಂತ ಹಾಕಿದ್ದೆ, ಲಕ್ಷಗಟ್ಟಲೆ ಬಂತು. ಅದು ಎಡದಿಂದ ಬಲಕ್ಕೆ ಓದ್ಕೊಂಡು ಹೋಗತ್ತೆ, ಮೊದಲೆರಡನ್ನ ಒಟ್ಟಿಗೆ ಸೇರಿಸಿ ಆಮೇಲೆ ಜಗತ್ತಿನ ಎಲ್ಲಾ ಇಮ್ಯುನೈಸೇಶನ್ ಲೇಖನಗಳನ್ನೂ ತಂದು ಅದರ ಮೇಲೆ ಸುರಿದಿತ್ತು. ಪದದ ಬೇರು ಬರೆದು ಪಕ್ಕ ನಕ್ಷತ್ರದ ಗುರುತು ಹಾಕಿದ್ರೆ ಅದರ ಎಲ್ಲಾ ಬಾಲಗಳೂ ಬರುತ್ತೆ ಅನ್ನೋದನ್ನೂ ಅವತ್ತೇ ಕಲಿತೆ, ಆದ್ರೆ ನಕ್ಷತ್ರ ಹಾಕಿದಾಗ ಪಬ್‌ಮೆಡ್ ತಾನಾಗಿ ಸಮಾನ ಪದ ಹುಡುಕೋದನ್ನ ನಿಲ್ಲಿಸತ್ತೆ, ಇದನ್ನ ತಿಳಿಯೋಕೆ ಇನ್ನೂ ಆರು ತಿಂಗಳು ಬೇಕಾಯ್ತು.

ತಾನಾಗಿ ಹುಡುಕೋದು ಅಂದೆನಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ನನ್ನ ಕಣ್ಣು ತೆರೆಸಿದ್ದು ಇದೇ. ಕೋಟ್ಸ್ ಇಲ್ಲದೆ ಕ್ಯಾಸನೂರ್ ಫಾರೆಸ್ಟ್ ಡಿಸೀಸ್ ಅಂತ ಹಾಕಿ, ಅಡ್ವಾನ್ಸ್ಡ್ ಅನ್ನೋ ಕಡೆ ಹೋಗಿ ಸರ್ಚ್ ಡೀಟೇಲ್ಸ್ ತೆಗೆದು ನೋಡಿ. ನೀವು ಬರೆದ ಮೂರು ಪದ ಅಲ್ಲಿ ಉದ್ದಕ್ಕೆ ಬೆಳೆದಿರತ್ತೆ. ಮೂರೂ ಪದ ಬಿಡಿಬಿಡಿಯಾಗಿ, ಮೂರೂ ಒಟ್ಟಿಗೆ, ಜೊತೆಗೆ ಮೆಶ್ ಅಂತ ಬಾಲ ಇರೋ ಇನ್ನೊಂದು ತುಂಡು. ಈ ಮೆಶ್ ಅನ್ನೋದು ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ 1960ರಲ್ಲಿ ಶುರು ಮಾಡಿದ ಹೆಸರುಗಳ ಪಟ್ಟಿ, ಈಗ ಅದರಲ್ಲಿ ಸುಮಾರು 30 ಸಾವಿರ ಮುಖ್ಯ ಪದ ಇದೆ. ಒಂದು ವಿಷಯಕ್ಕೆ ಜನ ಹತ್ತು ಹೆಸರು ಹೇಳಲಿ, ನಾವು ಒಂದು ಹೆಸರಿನ ಡಬ್ಬಿಗೇ ಹಾಕ್ತೀವಿ ಅಂತ. ವರ್ಷಾನುಗಟ್ಟಲೆ ಅಲ್ಲಿ ಜನ ಕೂತು ಲೇಖನ ಓದಿ, ಇದು ಯಾವ ಯಾವ ಡಬ್ಬಿಗೆ ಸೇರತ್ತೆ ಅಂತ ಚೀಟಿ ಅಂಟಿಸ್ತಿದ್ರು. 2022ರಿಂದ ಆ ಕೆಲಸ ಬಹುಮಟ್ಟಿಗೆ ಕಂಪ್ಯೂಟರೇ ಮಾಡತ್ತೆ, ಜನ ಮೇಲ್ವಿಚಾರಣೆ ಮಾಡ್ತಾರೆ. ನಮ್ಮ ಕಾಯಿಲೆಗೂ ಅಲ್ಲಿ ಸ್ವಂತ ಡಬ್ಬಿ ಇದೆ. ಉಣುಗಿನಿಂದ ಹರಡೋ ರೋಗಗಳು ಅನ್ನೋ ದೊಡ್ಡ ಕೊಂಬೆಯ ಕೆಳಗೆ ಕ್ಯಾಸನೂರ್ ಫಾರೆಸ್ಟ್ ಡಿಸೀಸ್ ಅಂತ. ಅದನ್ನ ಮೊದಲ ಸಲ ನೋಡಿದ ದಿನ ನಾನು ಸ್ಕ್ರೀನ್ ಮುಂದೆ ಸುಮ್ನೆ ಕೂತ್ಬಿಟ್ಟೆ. ಸೊರಬದ ಒಂದು ಕಾಡಿನ ಹೆಸರು, ಹೊರಗಿನವರಿಗೆ ಬಾಯಿಗೂ ಬರದ ಹೆಸರು, ಮೇರಿಲ್ಯಾಂಡಿನ ಬೆಥೆಸ್ಡಾದಲ್ಲಿ ಯಾರೋ ಚೀಟಿ ಬರೆದು ಜೋಪಾನವಾಗಿ ಇಟ್ಟಿದ್ದಾರೆ.

ಹಾಗಂತ ಮೆಶ್ ಒಂದನ್ನೇ ನಂಬ್ಕೊಂಡು ಕೂರೋ ಹಾಗಿಲ್ಲ. ಪಬ್‌ಮೆಡ್‌ನಲ್ಲಿ ಈಗ 3.5 ಕೋಟಿಗೂ ಹೆಚ್ಚು ದಾಖಲೆ ಇದೆ, ಎಲ್ಲದಕ್ಕೂ ಮೆಶ್ ಚೀಟಿ ಇಲ್ಲ, ಮೊನ್ನೆ ಮೊನ್ನೆ ಬಂದ ಲೇಖನಕ್ಕೆ ಇನ್ನೂ ಅಂಟಿಸಿರಲ್ಲ. ಹಾಗಾಗಿ ಮೆಶ್ ಒಂದು ಕಡೆ, ಶೀರ್ಷಿಕೆ ಮತ್ತೆ ಸಾರಾಂಶದಲ್ಲಿ ಬರೋ ಸಾಮಾನ್ಯ ಪದ ಇನ್ನೊಂದು ಕಡೆ, ಮಧ್ಯೆ ಆರ್. ಎರಡೂ ಬೇಕು.

ಹಳೇ ಲೇಖನದ ಕಥೆ ಇನ್ನೊಂದು. ಸುಮಾರು 1975ಕ್ಕಿಂತ ಹಿಂದಿನ ದಾಖಲೆಗಳಲ್ಲಿ ಸಾರಾಂಶ ಇರಲ್ಲ, ಶೀರ್ಷಿಕೆ ಮಾತ್ರ. ನಮ್ಮ ವಿಷಯದಲ್ಲಿ ಇದು ತುಂಬಾ ನಷ್ಟ, ಯಾಕಂದ್ರೆ ಮಂಗನ ಕಾಯಿಲೆ ಬಗ್ಗೆ ಕಾಡಲ್ಲಿ ಕೂತು ಉಣುಗು ಎಣಿಸಿ ಮಾಡಿದ ಎಷ್ಟೋ ಕೆಲಸ ಅರವತ್ತರ ದಶಕದ್ದು. ಕಾಡು ಕಡಿದದ್ದಕ್ಕೂ ಕಾಯಿಲೆಗೂ ಸಂಬಂಧ ಏನು ಅಂತ ನಂಗೆ ಬೇಕಿತ್ತು. ಡಿಫಾರೆಸ್ಟೇಶನ್ ಅಂತ ಹಾಕಿ ಹಾಕಿ ಸಾಕಾಯ್ತು, ಈಚಿನ ಕೆಲವು ಸಿಕ್ತು, ಹಳೇದು ಒಂದೂ ಬರ್ಲಿಲ್ಲ. ಕೊನೆಗೆ ಸಿಕ್ಕ ಒಂದು ಹೊಸ ಲೇಖನದ ಹಿಂದಿನ ಆಕರಗಳ ಪಟ್ಟಿ ಓದ್ತಿದ್ದಾಗ ಹೋರ್ಹೆ ಬೋಶೆಲ್ ಅನ್ನೋ ಹೆಸರು ಕಣ್ಣಿಗೆ ಬಿತ್ತು. 1969, ಅಮೆರಿಕನ್ ಜರ್ನಲ್ ಆಫ್ ಟ್ರಾಪಿಕಲ್ ಮೆಡಿಸಿನ್ ಅಂಡ್ ಹೈಜೀನ್. ಶೀರ್ಷಿಕೆ ಕ್ಯಾಸನೂರ್ ಫಾರೆಸ್ಟ್ ಡಿಸೀಸ್, ಇಕಾಲಾಜಿಕ್ ಕನ್ಸಿಡರೇಶನ್ಸ್. ಮನುಷ್ಯ ಕಾಡನ್ನ ಬದಲಾಯಿಸಿದ್ದು, ದನ ಮೇಯಿಸೋಕೆ ಒಳಗೆ ಹೊಡೆದದ್ದು, ಅದರಿಂದ ಉಣುಗು ಹೆಚ್ಚಿದ್ದು, ನಾನು ಹುಡುಕ್ತಿದ್ದ ಮಾತೆಲ್ಲ ಅಲ್ಲಿದೆ. ಆದ್ರೆ ಶೀರ್ಷಿಕೆಯಲ್ಲಿ ಡಿಫಾರೆಸ್ಟೇಶನ್ ಅನ್ನೋ ಪದ ಇಲ್ಲ, ಸಾರಾಂಶ ಇಲ್ಲ, ಮತ್ತೆ ಹೇಗೆ ಸಿಗಬೇಕು? ಅವರು ಇಕಾಲಜಿ ಅಂದ್ರು, ನಾನು ಡಿಫಾರೆಸ್ಟೇಶನ್ ಅಂದೆ. ಇಬ್ಬರ ಮನಸ್ಸಲ್ಲಿ ಇದ್ದದ್ದು ಒಂದೇ ಕಾಡು.

ಅವತ್ತಿಂದ ಒಳ್ಳೆ ಲೇಖನ ಒಂದು ಸಿಕ್ರೆ ನಾನು ಮೊದಲು ಓದೋದು ಅದರ ಕೊನೆ. ಅಲ್ಲಿಂದ ಹಿಂದಕ್ಕೆ ಹೋಗ್ತೀನಿ. ಆಮೇಲೆ ಗೂಗಲ್ ಸ್ಕಾಲರ್‌ನಲ್ಲಿ ಅದೇ ಲೇಖನದ ಕೆಳಗೆ ಸೈಟೆಡ್ ಬೈ ಅಂತ ಇರತ್ತಲ್ಲ, ಅದನ್ನ ಒತ್ತಿ ಮುಂದಕ್ಕೆ ಬರ್ತೀನಿ, ಇದನ್ನ ಯಾರು ಯಾರು ಆಮೇಲೆ ಉಲ್ಲೇಖ ಮಾಡಿದ್ದಾರೆ ಅಂತ. 1969ರ ಒಂದು ಬರಹದಿಂದ ಹೊರಟರೆ 2020ರಲ್ಲಿ ಬೆಥನ್ ಪರ್ಸ್ ಮತ್ತೆ ಜೊತೆಗಾರರು ಪಶ್ಚಿಮ ಘಟ್ಟದ ಕಾಡು, ದನ, ಜನ ಎಲ್ಲ ಲೆಕ್ಕಕ್ಕೆ ತಗೊಂಡು ಮಾಡಿದ ಅಪಾಯದ ನಕ್ಷೆಗಳ ಲೇಖನದವರೆಗೆ ಬರಬಹುದು. ಈ ಯೋಚನೆ ಹೊಸದೇನಲ್ಲ. ಯೂಜೀನ್ ಗಾರ್ಫೀಲ್ಡ್ ಅನ್ನೋರು 1955ರಲ್ಲೇ ಸೈನ್ಸ್ ಪತ್ರಿಕೆಯಲ್ಲಿ ಬರೆದಿದ್ರು, ವಕೀಲರು ಒಂದು ತೀರ್ಪನ್ನ ಆಮೇಲಿನ ಯಾವ ತೀರ್ಪುಗಳು ಎತ್ತಿ ಹೇಳಿವೆ ಅಂತ ಹುಡುಕೋ ಹಾಗೆ ವಿಜ್ಞಾನದ ಲೇಖನಗಳಿಗೂ ಮಾಡಬೇಕು ಅಂತ, 1964ರಲ್ಲಿ ಅದನ್ನ ಪುಸ್ತಕ ರೂಪದಲ್ಲಿ ತಂದೂ ಬಿಟ್ರು. ಪದಗಳ ಮೇಲೆ ಅವಲಂಬನೆ ಇಲ್ಲದ ಹುಡುಕಾಟ ಅದು. ಹೆಸರು ಎಷ್ಟು ಬದಲಾದ್ರೂ ಉಲ್ಲೇಖದ ದಾರ ಹರಿಯಲ್ಲ.

ನಾಟ್ ಅನ್ನೋದರ ಬಗ್ಗೆ ನಂಗೆ ಭಯ ಇದೆ, ಅದನ್ನೂ ಹೇಳ್ತೀನಿ. ಕಿಕುಚಿ ಕಾಯಿಲೆ ತೆಗೆಯೋಕೆ ನಾಟ್ ಕಿಕುಚಿ ಅಂತ ಹಾಕೋದು ಸುಲಭ ಅನ್ಸತ್ತೆ. ಆದ್ರೆ ಜ್ವರ ಮತ್ತೆ ಗಂಟು ಎರಡೂ ಇರೋ ರೋಗಿಯ ಬಗ್ಗೆ ಬರೆಯೋ ಡಾಕ್ಟರು ಎರಡೂ ಕಾಯಿಲೆ ಹೆಸರು ಹೇಳಿದ್ರೆ ಆ ಲೇಖನವೂ ಹೋಯ್ತು. ಇನ್ನೂ ಕೆಟ್ಟದ್ದು, ಜನರ ಬಗ್ಗೆ ಮಾತ್ರ ಬೇಕು ಅಂತ ನಾಟ್ ಅನಿಮಲ್ಸ್ ಹಾಕೋದು. ಮಂಗ, ಉಣುಗು, ದನ, ಮನುಷ್ಯ ಎಲ್ಲ ಒಂದೇ ಲೇಖನದಲ್ಲಿ ಬರೋ ಕಾಯಿಲೆ ಇದು, ಹಾಗೆ ಹಾಕಿದ್ರೆ ಒಳ್ಳೊಳ್ಳೆವೇ ಹಾರಿಹೋಗತ್ತೆ. ಬೇಡದ್ದನ್ನ ತೆಗೆಯೋದಕ್ಕಿಂತ ಬೇಕಾದ್ದನ್ನ ಇನ್ನೊಂದು ಕಾರ್ಡಿನಿಂದ ಹಿಡಿಯೋದು ಮೇಲು. ಕೆಎಫ್‌ಡಿ ಜೊತೆ ವೈರಸ್ ಆರ್ ಟಿಕ್ ಆರ್ ಮಂಕಿ ಅಂತ ಆ್ಯಂಡ್ ಮಾಡಿದ್ರೆ ಕಿಕುಚಿ ಬಹಳಷ್ಟು ತಾನಾಗೇ ದೂರ ಸರಿಯತ್ತೆ.

ಇದೆಲ್ಲ ವೈದ್ಯಕೀಯದವರಿಗೆ ಮಾತ್ರ ಅಂದ್ಕೋಬೇಡಿ. ನನ್ನ ಗೆಳತಿ ಒಬ್ಬಳು ವಚನ ಸಾಹಿತ್ಯದ ಮೇಲೆ ಕೆಲಸ ಮಾಡ್ತಿದ್ಲು, ಜರ್ನಲ್ಲುಗಳ ಹಳೇ ಸಂಚಿಕೆಗಳೆಲ್ಲ ಇರೋ ಜೆಸ್ಟೋರ್‌ನಲ್ಲಿ ಏನೂ ಇಲ್ಲ ಕಣೇ ಅಂತ ಬೇಜಾರು ಮಾಡ್ಕೊಂಡಿದ್ಲು. ಕಾರ್ಡ್ ತೆಗೆದು ಬರೆಯೋಕೆ ಕೂತ್ವಿ. ಕನ್ನಡ ಅನ್ನೋದಕ್ಕೇ ಹಳೇ ಇಂಗ್ಲಿಷ್ ಬರಹಗಳಲ್ಲಿ ಕೆನರೀಸ್ ಅಂತ ಇರತ್ತೆ, ಅದರಲ್ಲೂ ಸಿ ಇಂದ ಶುರುವಾಗೋ ಸ್ಪೆಲಿಂಗ್ ಒಂದು, ಕೆ ಇಂದ ಶುರುವಾಗೋದು ಒಂದು. ವಚನ ಅನ್ನೋದನ್ನ ಸಿ ಆದ್ಮೇಲೆ ಎಚ್ ಹಾಕಿ ಬರೆಯೋರು ಇದ್ದಾರೆ, ಎಚ್ ಇಲ್ಲದೆ ಪಂಡಿತರ ಪದ್ಧತಿಯಲ್ಲಿ ಬರೆಯೋರೂ ಇದ್ದಾರೆ. ವೀರಶೈವಕ್ಕೆ ನಾಲ್ಕೈದು ಥರ, ಲಿಂಗಾಯತಕ್ಕೆ ಮೂರು ಥರ, ಬಸವಣ್ಣ, ಬಸವ, ಬಸವೇಶ್ವರ. ಎರಡು ಕಾರ್ಡು ತುಂಬ್ತು. ಅವತ್ತು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ಅಯ್ಯೋ ಇಷ್ಟೆಲ್ಲ ಇತ್ತಾ" ಅಂದ್ಲು, ಅಳೋ ಹಾಗಿತ್ತು ದನಿ. ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸೋ ಶೋಧಗಂಗಾದಲ್ಲಿ ಪಿಎಚ್‌ಡಿ ಪ್ರಬಂಧ ಹುಡುಕುವಾಗಲೂ ಇದೇ, ಕನ್ನಡದ ಪ್ರಬಂಧಗಳ ಶೀರ್ಷಿಕೆ ಕೆಲವು ಕನ್ನಡ ಲಿಪೀಲಿ ಇರತ್ತೆ, ಕೆಲವು ಇಂಗ್ಲಿಷ್ ಅಕ್ಷರದಲ್ಲಿ, ಎರಡೂ ಹಾಕಿ ನೋಡ್ಬೇಕು.

ಸಿಕ್ಕಿದ್ದನ್ನ ಓದೋಕೆ ಆಗೋದು ಬೇರೆ ಮಾತು. ಹೆಸರು ಸಿಗತ್ತೆ, ಸಾರಾಂಶ ಸಿಗತ್ತೆ, ಪೂರ್ತಿ ಲೇಖನಕ್ಕೆ ಮೂವತ್ತು ನಲವತ್ತು ಡಾಲರ್ ಕೇಳತ್ತೆ. ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಇರೋದು ಪುಕ್ಕಟೆ. ಐಸಿಎಂಆರ್‌ನ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್, ಎಮರ್ಜಿಂಗ್ ಇನ್ಫೆಕ್ಷಿಯಸ್ ಡಿಸೀಸಸ್, ಪ್ಲಾಸ್‌ನ ಪತ್ರಿಕೆಗಳು, ಇವೂ ಹಾಗೇ, ಮಂಗನ ಕಾಯಿಲೆಯ ಮಟ್ಟಿಗೆ ಇವುಗಳಲ್ಲೇ ಎಷ್ಟೋ ಸಿಗತ್ತೆ. ಸಿಗದ್ದಕ್ಕೆ ಬರೆದವರಿಗೇ ಮೈಲ್ ಹಾಕ್ತಿದ್ದೆ, ನಾಲ್ಕು ಸಾಲು, ನಾನು ಯಾರು, ಯಾಕೆ ಬೇಕು ಅಂತ. ಬಹಳ ಜನ ಕಳಿಸಿದ್ದಾರೆ, ಒಬ್ಬರಂತೂ ತಮ್ಮ ಇನ್ನೂ ಎರಡು ಲೇಖನ ಸೇರಿಸಿ ಕಳಿಸಿದ್ರು. 2025ರ ಜನವರಿಯಿಂದ ಕೇಂದ್ರ ಸರ್ಕಾರದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಬಂದಿದೆ, 30 ಪ್ರಕಾಶಕರ ಸುಮಾರು 13 ಸಾವಿರ ಜರ್ನಲ್ಲುಗಳು, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆ ಮತ್ತೆ ಕೇಂದ್ರದ ಸಂಶೋಧನಾ ಸಂಸ್ಥೆಗಳಲ್ಲಿ ಇರೋರಿಗೆ. ಖಾಸಗಿ ಕಾಲೇಜಲ್ಲಿ ಓದೋ ನನ್ನ ಹುಡುಗಿಯರಿಗೂ ಅದು ಯಾವಾಗ ಸಿಗತ್ತೋ ಅಂತ ನಾನು ಕಾಯ್ತಾ ಇದೀನಿ.

ಇನ್ನೊಂದು ಮಾತು, ಈಗ ಎಐಗೆ ಕೇಳಿ ಆಕರ ತಗೊಳ್ಳೋ ಅಭ್ಯಾಸ ಶುರುವಾಗಿದೆ. ಒಬ್ಬ ವಿದ್ಯಾರ್ಥಿನಿ ತಂದ ಅಸೈನ್‌ಮೆಂಟಲ್ಲಿ ಐದು ಆಕರ ಇತ್ತು, ಶೀರ್ಷಿಕೆ ಎಷ್ಟು ಚೆಂದ ಅಂದ್ರೆ ನಂಗೇ ಓದ್ಬೇಕು ಅನ್ನಿಸ್ತು. ಒಂದೊಂದನ್ನೂ ಕೋಟ್ಸ್ ಹಾಕಿ ಹುಡುಕಿದ್ವಿ, ಅವಳೂ ನಾನೂ ಪಕ್ಕಪಕ್ಕ ಕೂತು. ಎರಡು ಇತ್ತು. ಮೂರು ಈ ಲೋಕದಲ್ಲೇ ಇಲ್ಲ. ಅವಳಿಗೆ ಬೈಯೋಕೆ ಮನಸ್ಸು ಬರ್ಲಿಲ್ಲ, ಕಾರ್ಡ್ ಕೊಟ್ಟೆ. ಹೆಸರು ಯೋಚಿಸೋಕೆ ಎಐ ಸಹಾಯ ತಗೊಳ್ಳಿ ಬೇಕಾದ್ರೆ, ಆದ್ರೆ ಲೇಖನ ಇದೆಯೋ ಇಲ್ವೋ ಅನ್ನೋದನ್ನ ಡೇಟಾಬೇಸಿನ ಬಾಗಿಲಲ್ಲೇ ನಿಂತು ನೋಡ್ಬೇಕು.

ನಾನು ಮಾಡಿದ ದೊಡ್ಡ ತಪ್ಪು ಅಂದ್ರೆ ಬರೆದಿಟ್ಕೊಳ್ಳದೇ ಇದ್ದದ್ದು. ಮೊದಲ ವರ್ಷದ ಹುಡುಕಾಟದ ಲೆಕ್ಕ ಗೈಡ್ ಕೇಳಿದಾಗ ನನ್ನ ಹತ್ರ ಡೌನ್‌ಲೋಡ್ ಮಾಡಿದ ಫೈಲ್ ಇತ್ತು, ಯಾವ ದಿನ, ಎಲ್ಲಿ, ಯಾವ ಪದ ಹಾಕಿದಾಗ ಸಿಕ್ಕಿದ್ದು ಅಂತ ಒಂದಕ್ಕೂ ಇರ್ಲಿಲ್ಲ. ಪೂರ್ತಿ ಮತ್ತೆ ಮಾಡ್ಬೇಕಾಯ್ತು. ಈಗ ಎಲ್‌ಐಸಿ ಏಜೆಂಟ್ ಕೊಟ್ಟ ಡೈರಿ ಒಂದನ್ನ ಅದಕ್ಕೇ ಇಟ್ಟಿದ್ದೀನಿ. ತಾರೀಖು, ಡೇಟಾಬೇಸ್ ಹೆಸರು, ಹಾಕಿದ ಸಾಲು ಹಾಗೆ ಹಾಗೇ, ಎಷ್ಟು ಬಂತು, ಎಷ್ಟು ಇಟ್ಕೊಂಡೆ. ಸಿಗದೇ ಹೋದ್ರೂ ಬರೀತೀನಿ, ಸಿಗಲಿಲ್ಲ ಅನ್ನೋದೂ ಬೇಕಾಗತ್ತೆ.

ಅಕ್ಕನ ಪ್ರಶ್ನೆಗೆ ಬರ್ತೀನಿ. ಆ ಪ್ರಶ್ನೆಯನ್ನ ನಾನು ಮೊದಲು ಹುಡುಕಿದ್ದು ವ್ಯಾಕ್ಸೀನ್ ಫೇಲ್ಯೂರ್ ಅಂತ. ಅವರು ಕೇಳಿದ್ದು ಹಾಗೇ ಅಲ್ವಾ, ಲಸಿಕೆ ಯಾಕೆ ಸೋತಿತು ಅಂತ. ಹೆಚ್ಚೇನೂ ಬರ್ಲಿಲ್ಲ. ಕಾರ್ಡ್ ಮುಂದೆ ಇಟ್ಕೊಂಡು ಯೋಚಿಸ್ತಾ ಕೂತೆ, ಇದನ್ನ ಅಳೆಯೋ ಜನ ಇದಕ್ಕೆ ಏನಂತಾರೆ? ಅವರು ಸೋಲು ಅನ್ನಲ್ಲ. ಎಷ್ಟು ಮಟ್ಟಿಗೆ ಕೆಲಸ ಮಾಡ್ತು ಅಂತಾರೆ. ಎಫಿಕಸಿ, ಎಫೆಕ್ಟಿವ್‌ನೆಸ್, ಎಷ್ಟು ಜನಕ್ಕೆ ಮುಟ್ಟಿತು ಅನ್ನೋಕೆ ಕವರೇಜ್. ಮೂರನ್ನೂ ಆರ್ ಹಾಕಿ ಸೇರಿಸಿದೆ. ಮೊದಲ ಪೇಜಲ್ಲೇ ಇತ್ತು, 2013ರಲ್ಲಿ ಪ್ಲಾಸ್ ನೆಗ್ಲೆಕ್ಟೆಡ್ ಟ್ರಾಪಿಕಲ್ ಡಿಸೀಸಸ್‌ನಲ್ಲಿ ಬಂದದ್ದು, ಕರ್ನಾಟಕದಲ್ಲಿ 2005ರಿಂದ 2010ರವರೆಗೆ ಈ ಲಸಿಕೆಯ ಕವರೇಜ್ ಮತ್ತೆ ಎಫೆಕ್ಟಿವ್‌ನೆಸ್ ಅಂತಲೇ ಶೀರ್ಷಿಕೆ. ಎರಡು ಡೋಸ್ ತಗೊಂಡವರಿಗೆ 62.4 ಪರ್ಸೆಂಟ್ ರಕ್ಷಣೆ, ಎರಡರ ಮೇಲೆ ಬೂಸ್ಟರೂ ತಗೊಂಡವರಿಗೆ 82.9. ಪುಕ್ಕಟೆ ಲೇಖನ, ಆರು ವರ್ಷದಿಂದ ಅಲ್ಲೇ ಇತ್ತು.

ಪ್ರಿಂಟ್ ತಗೊಂಡು ಊರಿಗೆ ಹೋದೆ. ಅಕ್ಕ ಜಗಲಿ ಮೇಲೆ ಕೂತು ಅಡಿಕೆ ಸುಲೀತಿದ್ರು, ಕೈ ನಡುಕ ನಿಂತಿತ್ತು. ಪಕ್ಕ ಕೂತು ಹೇಳಿದೆ, "ಲಸಿಕೆ ತಗೊಳ್ಳದೇ ಇದ್ದೋರಲ್ಲಿ ನೂರು ಜನಕ್ಕೆ ಜ್ವರ ಬರೋ ಕಡೆ, ಎರಡು ಸಲ ತಗೊಂಡೋರಾಗಿದ್ರೆ ಮೂವತ್ತೆಂಟು ಜನಕ್ಕೆ ಬರತ್ತೆ ಅಕ್ಕ, ಮೂರನೇದು ಬೂಸ್ಟರ್ ಅಂತ ಹಾಕಿಸ್ಕೊಂಡಿದ್ರೆ ಹದಿನೇಳು ಜನಕ್ಕೆ." ಅವರು ಮೆಟ್ಟುಕತ್ತಿ ಮೇಲಿನ ಕೈ ಹಾಗೇ ನಿಲ್ಲಿಸಿ ಲೆಕ್ಕ ಹಾಕಿದ್ರು. "ಹಂಗಾರೆ ಮೂರನೇದು ನಂಗೆ ಹಾಕ್ಲೇ ಇಲ್ಲ. ಯಾಕೆ ಹಾಕ್ಲಿಲ್ಲ, ನಾವು ಹೋಗ್ಲಿಲ್ವೋ, ಅವ್ರು ಬರ್ಲಿಲ್ವೋ? ಅದನ್ನ ಯಾರಾರೂ ಬರ್ದಿದಾರಾ?"

ಬ್ಯಾಗಿಂದ ಕಾರ್ಡ್ ತೆಗೆದೆ. ಮೇಲೆ ಬೂಸ್ಟರ್ ಅಂತ ಬರೆದು, ಕೆಳಗೆ ಒಂದೊಂದಾಗಿ, ಡ್ರಾಪ್‌ಔಟ್, ಅಪ್‌ಟೇಕ್, ಅಕ್ಸೆಪ್ಟೆನ್ಸ್, ರೆಫ್ಯೂಸಲ್. "ಮತ್ತೆ ಏನಂತಾರೆ ಅಕ್ಕ ಇಲ್ಲಿ, ಹಾಕಿಸ್ಕೊಳ್ಳೋಕೆ ಹೋಗದೇ ಇದ್ದದ್ದಕ್ಕೆ?"

"ಇಂಜೆಕ್ಷನ್ ಉರಿ ತಡಿಯೋಕಾಗಲ್ಲ ಅಂತಾರೆ, ಮತ್ತೇನಂತಾರೆ," ಅಂದ್ರು ಅಕ್ಕ. ಪೇನ್ ಅಂತ ಬರ್ಕೊಂಡೆ.